ಗೋಡೆಯ ಮೇಲಿನ ಕೆಂಪು ಕರಾವಳಿ

ನಮ್ಮ ಕತಾರ್‌ಗಾಮ್ ಮನೆಯ ಪಡಸಾಲೆಯಲ್ಲಿ ಎರಡು ವರ್ಷಗಳಿಂದ ಒಂದು ಚಿತ್ರ ತೂಗುತ್ತಿದೆ. ಬರೋಡೆಯಲ್ಲಿ ಚಿತ್ರಕಲೆ ಕಲಿಯುತ್ತಿರುವ ನನ್ನ ತಂಗಿಯ ಮಗ ಬರೆದುಕೊಟ್ಟದ್ದು. ನಮ್ಮೂರು ಕಾಪು ಕಡೆಯ ಕಡಲತೀರ. ನೆಲವೆಲ್ಲ ಕುಂಕುಮದ ಕೆಂಪು, ಗದ್ದೆ ಗಿಳಿಹಸುರು, ತೆಂಗಿನ ನೆರಳು ನೇರಳೆ, ಕಡಲು ಅಚ್ಚ ನೀಲಿ. ಬಂದವರು "ಚೆನ್ನಾಗಿದೆ" ಎನ್ನುತ್ತಾರೆ. ಕುಳಿತ ಮೇಲೆ ಇನ್ನೊಮ್ಮೆ ಓರೆಗಣ್ಣಿನಿಂದ ನೋಡುತ್ತಾರೆ. ಸೂರತ್ತಿನಲ್ಲೇ ಬೆಳೆದ ನನ್ನ ಮಗ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ: "ಅಪ್ಪ, ಇದು ಸುಳ್ಳು. ಮಣ್ಣು ಎಲ್ಲಿಯೂ ಹೀಗೆ ಇರುವುದಿಲ್ಲ."

ಅವನ ತಪ್ಪಲ್ಲ. ಅವನು ಊರು ಕಂಡದ್ದು ನಾಲ್ಕು ವರ್ಷದವನಿದ್ದಾಗ. ಅವನಿಗೆ ಸಮುದ್ರವೆಂದರೆ ಡುಮಸ್. ಅಲ್ಲಿ ಮರಳು ಕಪ್ಪು, ನೀರು ತಾಪಿಯ ಕೆಸರು ಬೆರೆತ ಬೂದುಬಣ್ಣ. ನನ್ನ ತಾಯಿ ಒಳಗಿನಿಂದಲೇ, "ಇದೆಂಥ ಕೆಂಪು ಮಾರಾಯ! ಮಳೆ ಬಿದ್ದ ಮರುದಿನ ಇದಕ್ಕಿಂತ ಹೆಚ್ಚಿರ್ತದೆ," ಎಂದರು. ಮೊಮ್ಮಗ ನಂಬಲಿಲ್ಲ. ತನ್ನ ಅಜ್ಜಿಯ ಮಣ್ಣನ್ನೇ ಹುಡುಗ ಸುಳ್ಳೆಂದನಲ್ಲ ಎಂದು ನನಗೆ ಆ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ.

ಕೆಂಪಿನ ವಿಷಯ ಬಿ.ಎಸ್ಸಿ. ಓದಿದವನಿಗೆ ಕಷ್ಟದ್ದಲ್ಲ. ಸಾವಿರಾರು ವರ್ಷಗಳ ಜಡಿಮಳೆ ಬಂಡೆಯೊಳಗಿನ ಸಿಲಿಕವನ್ನು ತೊಳೆದೊಯ್ಯುತ್ತದೆ; ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕಬ್ಬಿಣದ ತುಕ್ಕೇ ನಮ್ಮ ಮುರಕಲ್ಲಿನ ಬಣ್ಣ. ಇದೇ ಕಲ್ಲನ್ನು 1800ರಲ್ಲಿ ಮಲಬಾರಿನ ಅಂಗಡಿಪುರದಲ್ಲಿ ಕಂಡು, ಅದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಇಷ್ಟು ಗಾಢ ಬಣ್ಣದ ನಾಡು ಚಿತ್ರಗಳಲ್ಲಿ ತನ್ನ ಬಣ್ಣದೊಡನೆ ಕಾಣಿಸಿಕೊಳ್ಳಲು ಇಷ್ಟು ಕಾಲವೇಕೆ ಬೇಕಾಯಿತು?

ಇದಕ್ಕೊಂದು ಸಾಕ್ಷಿ ನಮ್ಮ ಬಡಾವಣೆಯಲ್ಲೇ ಮಲಗಿದೆ. ಕತಾರ್‌ಗಾಮ್ ದರವಾಜದ ಬಳಿಯ ಡಚ್ಚರ ಗೋರಿಗಳನ್ನು ನಮ್ಮಲ್ಲಿ ಅನೇಕರು ಬಸ್ಸಿನಿಂದಲೇ ನೋಡಿರಬಹುದು. ಅಲ್ಲಿಯ ದೊಡ್ಡ ಗೋರಿಯೊಂದು 1691ರ ಡಿಸೆಂಬರಿನಲ್ಲಿ ಸೂರತ್ತಿಗೆ ಬರುವ ದಾರಿಯಲ್ಲಿ ತೀರಿಕೊಂಡ ವಾನ್ ರೀಡನದು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದಾಗ ಈತ ಮಲಬಾರಿನ ಗಿಡಮರಗಳ ಮಹಾಗ್ರಂಥ 'ಹೋರ್ಟಸ್ ಮಲಬಾರಿಕಸ್' ಅನ್ನು ಸಿದ್ಧಗೊಳಿಸಿದ. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂತು. ಇಟ್ಟಿ ಅಚ್ಯುತನ್ ವೈದ್ಯರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ಬ್ರಾಹ್ಮಣರೂ ಅದಕ್ಕೆ ನೆರವಾದವರು. ಮೊದಲ ಸಂಪುಟ ಆರಂಭವಾಗುವುದೇ ತೆಂಗಿನಿಂದ. ಗರಿ, ಹೊಂಬಾಳೆ, ಕಾಯಿ ಎಲ್ಲವೂ ಕರಾರುವಾಕ್ಕು. ಆದರೆ ತಾಮ್ರದ ತಗಡಿನಲ್ಲಿ ಕೊರೆದು ಕಪ್ಪು ಶಾಯಿಯಲ್ಲಿ ಅಚ್ಚೊತ್ತಿದ ತೆಂಗು! ಹಸುರಿನ ಕಣವೂ ಇಲ್ಲ.

ಬಣ್ಣವೆಂದರೆ ಆಗ ದುಬಾರಿ ಸರಕು. ಅಚ್ಚ ನೀಲಿಗೆ ಆಫ್ಘಾನಿಸ್ತಾನದ ಕಲ್ಲನ್ನು ಅರೆಯಬೇಕಿತ್ತು. ಅಹಮದಾಬಾದಿನ ಸರಖೇಜಿನ ನೀಲಿ ಬಟ್ಟೆಗೆ ಸೊಗಸಾಗಿತ್ತು, ಚಿತ್ರಕ್ಕೆ ಅಷ್ಟಕ್ಕಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಈ ಲೆಕ್ಕವನ್ನೇ ಬದಲಿಸಿತು: 1802ರಲ್ಲಿ ಕೋಬಾಲ್ಟ್ ನೀಲಿ, ಆಮೇಲೆ ಕೃತಕ ಅಲ್ಟ್ರಾಮರೀನ್, ಕ್ಯಾಡ್ಮಿಯಂ ಹಳದಿ. 1841ರಲ್ಲಿ ಜಾನ್ ರಾಂಡ್ ಎಂಬ ಚಿತ್ರಕಾರ ತವರದ ಟ್ಯೂಬಿಗೆ ಹಕ್ಕುಪತ್ರ ಪಡೆದ ಮೇಲೆ ಬಣ್ಣವನ್ನು ಜೇಬಿನಲ್ಲಿಟ್ಟುಕೊಂಡು ಕಡಲ ದಂಡೆಗೆ ಹೋಗುವುದು ಸುಲಭವಾಯಿತು. 1905ರ ಬೇಸಗೆಯಲ್ಲಿ ಮತೀಸ್ ಮತ್ತು ಡೆರೇನ್ ಫ್ರಾನ್ಸಿನ ಕೊಲಿಯೂರ್ ಎಂಬ ಮೀನುಗಾರರ ಊರಿಗೆ ಹೋಗಿ, ನೆಲವನ್ನು ಕೆಂಪಾಗಿಯೂ ದೋಣಿಗಳನ್ನು ಮನಬಂದ ಬಣ್ಣದಲ್ಲಿಯೂ ಬರೆದರು. ಪ್ಯಾರಿಸಿನ ವಿಮರ್ಶಕನೊಬ್ಬ ಅವರನ್ನು 'ಕಾಡುಮೃಗ'ಗಳೆಂದ. ನನ್ನ ಮಗ ಅಷ್ಟು ದೂರ ಹೋಗಲಿಲ್ಲವೆಂಬುದೇ ಸಮಾಧಾನ.

ನಮ್ಮ ಕರಾವಳಿಯವರೇ ಆದ ಕೆ. ಕೆ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ತಂದೆ ಗಣಪತಿಯ ಮೂರ್ತಿ ಮಾಡುತ್ತಿದ್ದವರು; ಊರಿನಲ್ಲಿ ಯಕ್ಷಗಾನದ ವೇಷಗಳ ಕೆಂಪು, ಹಳದಿ, ಕಪ್ಪು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತದ್ದು ವಿಲಾಯಿತಿ ಕ್ರಮ. 1937ರಲ್ಲಿ ದಕ್ಷಿಣವನ್ನು ಸುತ್ತಿ ಬಂದ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳೂ ಗೊಗ್ಯಾನ ಚಿತ್ರಗಳೂ ಅವರ ಮನಸ್ಸನ್ನು ಹಿಡಿದವು. 1940ರ ದಶಕದಲ್ಲಿ ಅವರು ಬರೆದ ಕೇರಳದ ಚಿತ್ರಗಳಲ್ಲಿ ಅದು ಎದ್ದು ಕಾಣುತ್ತದೆ. ಪ್ಯಾರಿಸಿಗೆ ಓದಲು ಹೋದದ್ದು ಅದಾದ ಮೇಲೆ, 1949ರಲ್ಲಿ. ಆದ್ದರಿಂದ 'ಈ ಬಣ್ಣವೆಲ್ಲ ಪರದೇಶದ ಅನುಕರಣೆ' ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಧೈರ್ಯ ಹೊರಗಿನಿಂದ ಬಂದಿರಬಹುದು. ಕೆಂಪು ಕಟ್ಟಿಂಗೇರಿಯ ಅಂಗಳದಲ್ಲೇ ಇತ್ತು. ಹೆಬ್ಬಾರರು 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಬರೋಡೆಯಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ತೆರೆದಾಗ ಚಿತ್ರಕಲೆಗೆ ಮುಖ್ಯಸ್ಥರಾಗಿ ಬಂದವರು ಎನ್. ಎಸ್. ಬೇಂದ್ರೆ. (ಧಾರವಾಡದ ವರಕವಿಗಳಲ್ಲ, ಇವರು ಇಂದೋರಿನ ಮರಾಠಿಗರು.) 1966ರವರೆಗೆ ಅಲ್ಲಿದ್ದ ಅವರೂ ಭೂದೃಶ್ಯಗಳ ಬಣ್ಣಗಾರರೇ. ನನ್ನ ಸೋದರಳಿಯ ಓದುತ್ತಿರುವುದು ಅದೇ ಶಾಲೆಯಲ್ಲಿ.

ಅವನ ಚಿತ್ರದ ಬಗ್ಗೆ ನನ್ನದೂ ಒಂದು ತಕರಾರಿದೆ. ಕೆಂಪು ನಿಜ, ಹಸುರು ನಿಜ. ಆದರೆ ಗದ್ದೆ ಅಷ್ಟು ಹಸುರಾಗಿರುವ ಆಷಾಢದಲ್ಲಿ ನಮ್ಮ ಕಡಲು ಹಾಗೆ ನೀಲಿಯಾಗಿರುವುದಿಲ್ಲ, ಕಲಕಿದ ಕೆಸರಾಗಿರುತ್ತದೆ. ಇದನ್ನು ಹೇಳಿದಾಗ ಅವನು ನಕ್ಕು, "ಮಾವ, ನೀವು ಆಫೀಸಿನಲ್ಲಿ ಫೈಲು ನೋಡಿದ ಹಾಗೆ ಚಿತ್ರ ನೋಡುತ್ತೀರಿ," ಎಂದ.

ಕಳೆದ ಮೇ ತಿಂಗಳಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೊರಟೆವು. ರತ್ನಾಗಿರಿ ದಾಟಿದ ಮೇಲೆ, ಹಳಿಗಾಗಿ ಗುಡ್ಡ ಕಡಿದಲ್ಲಿ, ಕಿಟಕಿಯ ಎರಡೂ ಪಕ್ಕ ಮುರಕಲ್ಲಿನ ಗೋಡೆ. ತೂಕಡಿಸುತ್ತಿದ್ದ ನನ್ನನ್ನು ಮಗ ತೋಳು ಹಿಡಿದು ಎಬ್ಬಿಸಿದ.

"ಅಪ್ಪ, ನೋಡಿ! ಭಾವನ ಬಣ್ಣ!"