ಕೈತೋಟದಲ್ಲಿ ನಸ್ಟರ್ಷಿಯಂ ಬೇಸಾಯ (ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ)

ನಸ್ಟರ್ಷಿಯಂ ತಂಪು ಹವೆಯನ್ನು ಬಯಸುವ ಏಕವಾರ್ಷಿಕ ಹೂಗಿಡವಾಗಿದೆ. ಸಸ್ಯಶಾಸ್ತ್ರೀಯ ಹೆಸರು ಟ್ರೋಪಿಯೋಲಂ ಮೇಜಸ್. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಎಲೆಗಳು ಪುಟ್ಟ ತಾವರೆ ಎಲೆಯಂತೆ ದುಂಡಗಿದ್ದು, ಹೂಗಳು ಹಳದಿ, ಕಿತ್ತಳೆ ಹಾಗೂ ಕೆಂಪು ಬಣ್ಣಗಳಲ್ಲಿರುತ್ತವೆ. ಗಿಡ್ಡ ತಳಿಗಳು ಮಡಿ ಮತ್ತು ಕುಂಡಗಳಿಗೆ, ಬಳ್ಳಿ ತಳಿಗಳು ಬೇಲಿಗೆ ಸೂಕ್ತ.

ಬಿತ್ತನೆ ಕಾಲ: ಕಡೂರು ಮತ್ತು ಅಜ್ಜಂಪುರದ ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲಿಗೆ ಈ ಗಿಡ ಒಣಗುತ್ತದೆ. ಆದುದರಿಂದ ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿದರೆ ಸುಮಾರು ಎರಡು ತಿಂಗಳಲ್ಲಿ ಹೂ ಆರಂಭವಾಗಿ ಚಳಿ ಇರುವವರೆಗೂ ದೊರೆಯುತ್ತದೆ. ತರೀಕೆರೆ ತಾಲ್ಲೂಕಿನಲ್ಲಿ ಲಕ್ಕವಳ್ಳಿ ಕಡೆಯ ಮಲೆನಾಡ ಸೆರಗಿನವರು ಮಳೆ ಪೂರ್ಣ ಹಿಂದೆ ಸರಿದ ನಂತರವೇ ಬಿತ್ತುವುದು ಒಳಿತು. ಅದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಂತಹ ಎತ್ತರದ ತಂಪು ಸ್ಥಳಗಳಲ್ಲಿ ಹೂವಿನ ಕಾಲ ಹೆಚ್ಚು ದೀರ್ಘ.

ಮಣ್ಣು ಮತ್ತು ಗೊಬ್ಬರ: ನೀರು ಬಸಿದು ಹೋಗುವ ಕೆಂಪು ಮಣ್ಣು ಸಾಕು. ಅಜ್ಜಂಪುರ ಭಾಗದ ಎರೆ ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಮರಳು ಬೆರೆಸಿ ಏರು ಮಡಿ ಮಾಡಬೇಕು. ಎಲೆ ಸೊಂಪಾಗಿ ಬೆಳೆದೂ ಹೂ ಬಾರದಿದ್ದರೆ ಬಹುಪಾಲು ಅತಿ ಗೊಬ್ಬರವೇ ಕಾರಣ. ಅಡಿಕೆ, ತೆಂಗಿಗೆ ಕೊಡುವ ರೂಢಿಯಲ್ಲೇ ಈ ಗಿಡಕ್ಕೂ ತಿಪ್ಪೆಗೊಬ್ಬರ, ಯೂರಿಯಾ ಸುರಿಯಬಾರದು. ಸಾರಜನಕ ಹೆಚ್ಚಿದಷ್ಟೂ ಹೂ ಕಡಿಮೆ.

ಬಿತ್ತನೆ: ಬೀಜವನ್ನು ರಾತ್ರಿಯಿಡೀ ನೆನೆಸಿ, 25–30 ಸೆಂ.ಮೀ. ಅಂತರದಲ್ಲಿ 2 ಸೆಂ.ಮೀ. ಆಳಕ್ಕೆ ಊರಬೇಕು. ಬೇರು ಕದಲಿದರೆ ಸಸಿ ಸೊರಗುವುದರಿಂದ ಪಾತಿಯಲ್ಲಿ ಬೆಳೆಸಿ ಕಿತ್ತು ನೆಡದೆ ನೇರವಾಗಿ ಬಿತ್ತುವುದು ಲೇಸು. ಮೊಳಕೆಗೆ ಒಂದೆರಡು ವಾರ ಬೇಕಾಗುತ್ತದೆ. ಬಿಸಿಲು ಬೀಳುವ ಜಾಗವಿರಲಿ. ಮೇಲ್ಮಣ್ಣು ಒಣಗಿದಾಗ ನೀರುಣಿಸಿ.

ಉಪಯೋಗ ಮತ್ತು ಎಚ್ಚರಿಕೆ: ಎಲೆ, ಹೂಗಳೆರಡೂ ತಿನ್ನಲು ಯೋಗ್ಯ. ಸಾಸಿವೆಯ ಘಾಟಿರುವ ಎಳೆ ಎಲೆಯನ್ನು ಸ್ವಲ್ಪ ಪ್ರಮಾಣದಲ್ಲಿ ಕೋಸಂಬರಿಗೆ ಹೆಚ್ಚಿ ಹಾಕಬಹುದು. ಈ ಘಾಟಿಗೇ ಎಲೆಕೋಸಿನ ಚಿಟ್ಟೆಯ ಹುಳುಗಳೂ ಬರುತ್ತವೆ. ಎಳೆ ಕುಡಿಗಳಲ್ಲಿ ಸಸ್ಯಹೇನು ಕಾಣುತ್ತದೆ. ಹುಳುಗಳನ್ನು ಕೈಯಿಂದ ಆರಿಸಿ, ಹೇನನ್ನು ನೀರಿನ ರಭಸದಿಂದ ತೊಳೆದರೆ ಸಾಕು. ಅಡುಗೆಗೆ ಬಳಸುವ ಗಿಡಕ್ಕೆ ಕೀಟನಾಶಕ ಸಿಂಪಡಿಸಲೇಬಾರದು. ಔಷಧಿ ಹೊಡೆಯುವ ತರಕಾರಿ ಮಡಿಯ ಪಕ್ಕದ ಹೂಗಳನ್ನೂ ತಿನ್ನಬಾರದು.

ಬೀಜ ಸಂಗ್ರಹಣೆ: ಹೂ ಬಾಡಿದ ಮೇಲೆ ಮೂರು ಭಾಗಗಳ ಕಾಯಿ ಕಟ್ಟುತ್ತದೆ. ಮಾಗಿ ಉದುರಿದ ಬೀಜಗಳನ್ನು ಬುಡದಿಂದ ಆರಿಸಿ, ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಮುಂದಿನ ಅಕ್ಟೋಬರ್‌ವರೆಗೆ ಇಡಬಹುದು. ಹಲವು ಬಣ್ಣದ ಗಿಡಗಳು ಒಟ್ಟಿಗಿದ್ದರೆ ಮರುವರ್ಷ ಅದೇ ಬಣ್ಣ ಬಾರದಿರಬಹುದು.