ಬಸ್ಸು ಎಂಬ ಚತುರ್ಥಿ ವಿಭಕ್ತಿ



ಕೊಪ್ಪದ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಸಾಕು, ‘ಬಸ್ಸು’ ಎಂಬ ಮಾತು ಹತ್ತಾರು ಸಲ ಕಿವಿಗೆ ಬೀಳುತ್ತದೆ. ಶೃಂಗೇರಿ ಬಸ್ಸು ಬಂತೆ? ಎನ್.ಆರ್. ಪುರದ ಬಸ್ಸು ಹೋಯಿತೆ? ಬಾಳೆಹೊನ್ನೂರಿಗೆ ಕೊನೆ ಬಸ್ಸು ಎಷ್ಟು ಹೊತ್ತಿಗೆ? ಇದು ಇಂಗ್ಲಿಷ್ ಪದವೆಂಬ ನೆನಪೂ ಯಾರಿಗೂ ಇರುವುದಿಲ್ಲ. ರೈಲು ಬಂದಾಗ ನಮ್ಮ ಹಿರಿಯರು ಅದಕ್ಕೆ ಹೊಗೆಬಂಡಿ, ಉಗಿಬಂಡಿ ಎಂದು ಹೆಸರಿಟ್ಟರು. ಬಸ್ಸಿಗೆ ಹಾಗೆ ಮಾಡಲಿಲ್ಲ. ಮೊದಲು ಮೋಟಾರು ಎಂದರು, ಆಮೇಲೆ ಬಸ್ಸು ಎಂದರು, ಅಷ್ಟೆ. ಕಣ್ ಎಂಬುದು ಕಣ್ಣು, ಕಲ್ ಎಂಬುದು ಕಲ್ಲು ಆದಂತೆ ಬಸ್ ಎಂಬುದು ಬಸ್ಸು ಆಯಿತು. ‘ಕಾರ್’ನಲ್ಲಿ ದೀರ್ಘವಿದ್ದುದರಿಂದ ಅದು ಒತ್ತಕ್ಷರವಿಲ್ಲದೆ ಕಾರು ಆಯಿತು. ಕನ್ನಡ ತನ್ನ ವ್ಯಾಕರಣವನ್ನು ಹೊರಗಿನವರಿಗೂ ಬಿಡದೆ ಕಲಿಸುತ್ತದೆ ನೋಡಿ. (‘ಬಸ್, ಸಾಕು’ ಎನ್ನುತ್ತೇವಲ್ಲ, ಆ ಬಸ್ ಬೇರೆ. ಅದು ಪಾರಸಿಯಿಂದ ಬಂದದ್ದು.)

ಈ ಪದಕ್ಕೆ ಅರ್ಥವೇನು? ವಾಹನವೆಂದೇ, ಚಕ್ರವೆಂದೇ, ಓಟವೆಂದೇ? ಯಾವುದೂ ಅಲ್ಲ. ಅದೊಂದು ಪೂರ್ತಿ ಪದವೇ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನೆಸ್’ ಎಂದರೆ ಎಲ್ಲರು, ‘ಓಮ್ನಿಬುಸ್’ ಎಂದರೆ ಎಲ್ಲರಿಗೆ. ಇಂಗ್ಲಿಷರು ಇದನ್ನು ಆಮ್ನಿಬಸ್ ಎಂದು ಉಚ್ಚರಿಸಿ, ಅವಸರದಲ್ಲಿ ತಲೆಯನ್ನು ಕತ್ತರಿಸಿ ಬಾಲವನ್ನು ಉಳಿಸಿಕೊಂಡರು. ಉಳಿದ ‘ಬಸ್’ ಬರಿಯ ವಿಭಕ್ತಿ ಪ್ರತ್ಯಯ. ನಮ್ಮ ‘ಎಲ್ಲರಿಗೆ’ ಎಂಬ ಮಾತಿನಲ್ಲಿ ಎಲ್ಲರನ್ನೂ ಬಿಟ್ಟು ‘ಗೆ’ ಒಂದನ್ನೇ ಇಟ್ಟುಕೊಂಡಂತೆ! ಶೃಂಗೇರಿಯ ಪಾಠಶಾಲೆಯಲ್ಲಿ ಸಂಸ್ಕೃತ ಓದುವವರಿಗೆ ಇದು ಕೂಡಲೇ ಹಿಡಿಸೀತು. ‘ಸರ್ವೇಭ್ಯಃ’ ಎನ್ನುವಲ್ಲಿನ ‘ಭ್ಯಃ’ ಮತ್ತು ಲ್ಯಾಟಿನ್ನಿನ ‘ಬುಸ್’ ಒಂದೇ ಮೂಲದಿಂದ ಬಂದ ದಾಯಾದಿಗಳು. ಸಂಸ್ಕೃತದ ಬಹುವಚನದಲ್ಲಿ ಚತುರ್ಥಿಗೂ ಪಂಚಮಿಗೂ ಒಂದೇ ರೂಪವಲ್ಲವೆ? ಲ್ಯಾಟಿನ್ನಿನಲ್ಲೂ ಹಾಗೆಯೇ. ಹೀಗಿರುವಾಗ ನೀವು ‘ಬಸ್ಸಿಗೆ ಹೊತ್ತಾಯಿತು’ ಎಂದರೆ ಚತುರ್ಥಿಯ ಮೇಲೊಂದು ಚತುರ್ಥಿ ಹೇರಿದಂತಾಯಿತು.

ಕಳೆದುಹೋದ ತಲೆ ಎಲ್ಲಿ ಹೋಯಿತು ಎನ್ನುವಿರಾ? ಮಾರುತಿ ಕಂಪನಿ 1984ರಲ್ಲಿ ಹೊರತಂದ ವ್ಯಾನಿಗೆ ಮುಂದೆ ‘ಓಮ್ನಿ’ ಎಂದು ಹೆಸರಾಯಿತು. 2019ರಲ್ಲಿ ಅದರ ತಯಾರಿಕೆ ನಿಂತಿತು. ಮಲೆನಾಡಿನ ಶಾಲೆಮಕ್ಕಳಲ್ಲಿ ಅದರೊಳಗೆ ಒತ್ತಿಕೊಂಡು ಕೂರದವರು ಕಡಿಮೆ. ಅಂತೂ ಒಂದೇ ಪದದ ತಲೆ ಒಂದು ಗಾಡಿಯ ಮೇಲೆ, ಬಾಲ ಇನ್ನೊಂದರ ಮೇಲೆ. ವಿದ್ಯುತ್ ಕೇಂದ್ರದ ಬಸ್‌ಬಾರ್, ಕಂಪ್ಯೂಟರಿನ ಯು.ಎಸ್.ಬಿ. ಇವುಗಳಲ್ಲಿರುವ ಬಸ್ ಕೂಡ ಇದೇ. ಹಲವರಿಗೆ ಹಂಚುವ ಒಂದೇ ದಾರಿ ಎಂಬ ಅರ್ಥ ಅಲ್ಲಿ ಇನ್ನೂ ಉಳಿದಿದೆ.

ಇನ್ನು ಈ ‘ಎಲ್ಲರು’ ಯಾರು ಎಂಬ ಪ್ರಶ್ನೆಗೆ ಬರೋಣ. ಗಣಿತದ ಪಾಠದಲ್ಲಿ ಪ್ಯಾಸ್ಕಲ್ ತ್ರಿಕೋನ ಓದಿರುತ್ತೀರಿ. ಆ ಬ್ಲೇಸ್ ಪ್ಯಾಸ್ಕಲನೇ 1662ರಲ್ಲಿ ಪ್ಯಾರಿಸಿನಲ್ಲಿ ಗೊತ್ತಾದ ಹಾದಿ, ಗೊತ್ತಾದ ದರದ ಕುದುರೆ ಸಾರೋಟುಗಳನ್ನು ಓಡಿಸುವ ಏರ್ಪಾಟು ಮಾಡಿಸಿದ. ದರ ಐದು ಸೋಲ್. ಆದರೆ ಅಲ್ಲಿನ ನ್ಯಾಯಮಂಡಲಿ ಸಿಪಾಯಿಗಳೂ ಸೇವಕರೂ ಕೂಲಿಗಳೂ ಹತ್ತಕೂಡದೆಂದು ಕಟ್ಟು ಹಾಕಿತು. ಮುಂದೆ 1826ರಲ್ಲಿ ಫ್ರಾನ್ಸಿನ ನಾಂಟ್ ಪಟ್ಟಣದಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬಾತ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ತರಲು ಗಾಡಿ ಬಿಟ್ಟ. ಜನ ಸ್ನಾನಕ್ಕಿಂತ ಗಾಡಿಯನ್ನೇ ಮೆಚ್ಚಿದರು, ನಡುದಾರಿಯಲ್ಲೇ ಇಳಿದುಕೊಂಡರು. ಓಮ್ನೆಸ್ ಎಂಬ ವ್ಯಾಪಾರಿಯ ಅಂಗಡಿಯ ಫಲಕದಿಂದ ಆ ಗಾಡಿಗೆ ಓಮ್ನಿಬುಸ್ ಎಂಬ ಹೆಸರು ಅಂಟಿತೆಂದು ಒಂದು ಕಥೆ ಇದೆ. ಕಥೆಯೆಂದೇ ಇಟ್ಟುಕೊಳ್ಳಿ. 1829ರ ಜುಲೈ 4ರಂದು ಲಂಡನ್ನಿನಲ್ಲಿ ಜಾರ್ಜ್ ಶಿಲಿಬೀರ್ ಓಡಿಸಿದ ಮೂರು ಕುದುರೆಯ ಆಮ್ನಿಬಸ್ಸಿನಲ್ಲಿ 22 ಜನ ಕೂರಬಹುದಿತ್ತು. ದರ ಒಂದು ಶಿಲಿಂಗ್. ಕೂಲಿಕಾರರು ನಡೆದೇ ಹೋದರು. ಹೆಸರಿನಲ್ಲಿ ‘ಎಲ್ಲರಿಗೆ’ ಇದ್ದ ಮಾತ್ರಕ್ಕೆ ಎಲ್ಲರಿಗೂ ಆಗಲಿಲ್ಲ.

ನಮ್ಮಲ್ಲಿ ಏನಾಯಿತು? ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು. ಅದು 1961ರಲ್ಲಿ ನಿಗಮವಾಯಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಇಂದಿನ ಕೆ.ಎಸ್.ಆರ್.ಟಿ.ಸಿ. ಎಂಬ ಹೆಸರು ಬಂತು. ಆದರೆ ಮಲೆನಾಡು ಕರಾವಳಿಗಳ ಬಹುಪಾಲು ಹಾದಿಗಳಲ್ಲಿ ಖಾಸಗಿ ಬಸ್ಸುಗಳೇ ಮುಂದುವರಿದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಓಡುತ್ತಿದ್ದ ಪುಟ್ಟ ಗೇಜಿನ ರೈಲು ಬಹಳ ಹಿಂದೆಯೇ ನಿಂತುಹೋಗಿದೆ. ಕೊಪ್ಪ, ಶೃಂಗೇರಿಗಳಿಗೆ ರೈಲಿಲ್ಲ. ಇಲ್ಲಿನ ಮನೆಗಳು ಬಯಲುಸೀಮೆಯಂತೆ ಒಂದೆಡೆ ಗುಂಪಾಗಿಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು. ಹಾಗಾಗಿ ಬಸ್ಸೇ ಇಲ್ಲಿ ಗಡಿಯಾರ, ಬಸ್ಸೇ ಟಪಾಲು. ‘ಬೆಳಿಗ್ಗೆ ಬಸ್ಸು ಹೋದ ಮೇಲೆ ಬಂದರು’ ಎಂದರೆ ಹೊತ್ತು ತಿಳಿಯುತ್ತದೆ. ‘ಬಸ್ಸಿನಲ್ಲಿ ಕೊಟ್ಟು ಕಳಿಸು’ ಎಂದರೆ ಔಷಧಿಯೋ ಪಂಪಿನ ಬಿಡಿಭಾಗವೋ ಊರು ತಲುಪುತ್ತದೆ. ರಾತ್ರಿ ಊರಿನಲ್ಲೇ ನಿಂತು ಬೆಳಿಗ್ಗೆ ಹೊರಡುವುದು ಹಾಲ್ಟ್ ಬಸ್ಸು. ಹೋಲ್ಡಾನ್ ಎಂದರೆ ನಿಲ್ಲು, ರೈಟ್ ಎಂದರೆ ನಡೆ. ಶಾಲೆಗೆ ಹೋಗದ ಅಜ್ಜಿಗೂ ಇಷ್ಟು ಇಂಗ್ಲಿಷ್ ಬರುತ್ತದೆ.

ಈ ಭಾಗದಲ್ಲಿ ದೊಡ್ಡ ಹೆಸರಾಗಿದ್ದದ್ದು ಶಂಕರ್ ಕಂಪನಿಯ ಬಸ್ಸುಗಳು. ಆಡಳಿತಕ್ಕೂ ಕಾರ್ಮಿಕರಿಗೂ ನಡುವೆ ಎದ್ದ ವಿವಾದ ಬಗೆಹರಿಯದೆ ಆ ಕಂಪನಿ ಮುಚ್ಚಿತು. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು ಬೀದಿಗೆ ಬಿದ್ದರು. ಇಂಥ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಕೊಪ್ಪದಲ್ಲಿ ಮುಗಿಯಲಿಲ್ಲ. ಕೆಲಸ ಕಳೆದುಕೊಂಡವರೇ ಹಣ ಕೂಡಿಸಿ, ಷೇರುದಾರರಾಗಿ, 1991ರಲ್ಲಿ ಸಾರಿಗೆ ಸಹಕಾರ ಸಂಘ ಕಟ್ಟಿ ಬೆರಳೆಣಿಕೆಯ ಬಸ್ಸುಗಳನ್ನು ರಸ್ತೆಗಿಳಿಸಿದರು. ಇದೇ ‘ಸಹಕಾರ ಸಾರಿಗೆ’. ಸಹಕಾರ ನಮ್ಮ ನಾಡಿಗೆ ಹೊಸತಲ್ಲ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಸಂಘ ಆರಂಭಿಸಿದ್ದರು. ಆದರೆ ಅದು ಸಾಲದ ಸಂಘ. ಬಸ್ಸು ಓಡಿಸುವವರೇ ಬಸ್ಸಿನ ಒಡೆಯರಾಗುವುದು ದೇಶದಲ್ಲೇ ಅಪರೂಪ. ಸಹಕಾರದ ನಿಯಮದಂತೆ ಒಬ್ಬ ಸದಸ್ಯನಿಗೆ ಒಂದೇ ಮತ. ಟಿಕೆಟ್ ಹರಿದು ಕೊಡುವವನ ಮತಕ್ಕೂ ಅಧ್ಯಕ್ಷನ ಮತಕ್ಕೂ ಒಂದೇ ತೂಕ.

ಸಂಘ ಬೆಳೆಯಿತು. ಬಸ್ಸುಗಳ ಸಂಖ್ಯೆ ಎಪ್ಪತ್ತರ ಆಸುಪಾಸಿಗೆ ಏರಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿ, ಶಿವಮೊಗ್ಗ ಎಂದು ಹಾದಿಗಳು ಚಾಚಿದವು. ಲಾಭವಿಲ್ಲದ ಒಳಹಳ್ಳಿಗಳಿಗೂ ಬಸ್ಸು ಹೋಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಸಿಕ್ಕಿತು. ಕಾಡಂಚಿನ ಮನೆಯ ಹುಡುಗಿ ಹೈಸ್ಕೂಲಿಗೆ ನಿಲ್ಲಿಸದೆ ಕಾಲೇಜಿಗೂ ಹೋಗಬಹುದೋ ಇಲ್ಲವೋ ಎಂಬುದು ಎಷ್ಟೋ ಸಲ ಸಂಜೆಯ ಒಂದು ಬಸ್ಸಿನ ಮೇಲೆ ನಿಂತಿರುತ್ತದೆ. ಇದನ್ನು ಪೇಟೆಯವರಿಗೆ ವಿವರಿಸುವುದು ಕಷ್ಟ. ಮಲೆನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಆದರೆ ಒಡೆತನ ಬದಲಾದರೂ ಲೆಕ್ಕ ಬದಲಾಗುವುದಿಲ್ಲ. ಡೀಸೆಲ್ ದರ ಏರಿತು, ವಿಮೆಯ ಕಂತು ಏರಿತು, ಮಳೆಗಾಲದ ರಸ್ತೆಗಳು ಗಾಡಿಗಳನ್ನು ತಿಂದವು. ಬೈಕು, ಕಾರುಗಳು ಹೆಚ್ಚಿ ಸೀಟುಗಳು ಖಾಲಿಯಾದವು. ರಿಯಾಯಿತಿ ಪಾಸಿನ ಹೊರೆ ಸಂಘದ ಹೆಗಲ ಮೇಲೇ ಉಳಿಯಿತು. 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ಓಟ ನಿಲ್ಲಿಸಿತು. ಮರುತಿಂಗಳು ಕೊರೊನಾ ಬಂದು ದೇಶದ ಬಸ್ಸುಗಳೆಲ್ಲ ನಿಂತವು. ಆ ಗದ್ದಲದಲ್ಲಿ ಕೊಪ್ಪದ ಬಸ್ಸುಗಳು ಅದಕ್ಕೂ ಮೊದಲೇ ನಿಂತಿದ್ದವೆಂಬುದು ಹೊರಗಿನವರ ಗಮನಕ್ಕೇ ಬರಲಿಲ್ಲ. ಸಂಘ ಸೋತಿತೆಂದು ಕೆಲವರು ಹೇಳುತ್ತಾರೆ. ಒಡೆಯನಿಲ್ಲದೆ ಇಪ್ಪತ್ತೊಂಬತ್ತು ವರ್ಷ ಓಡಿದ್ದನ್ನು ಸೋಲೆಂದು ಕರೆಯಲು ನನಗಂತೂ ಮನಸ್ಸಾಗುವುದಿಲ್ಲ.

2023ರ ಜೂನ್ 11ರಿಂದ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದಿದೆ. ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಹಣವಿಲ್ಲ. ಖಾಸಗಿ ಬಸ್ಸಷ್ಟೇ ಬರುವ ಊರಿನ ಮಹಿಳೆ ಮಾತ್ರ ಹಣ ಕೊಟ್ಟೇ ಹೋಗಬೇಕು. ಕತ್ತರಿಸಿಹೋದ ಆ ‘ಓಮ್ನಿ’ಯಲ್ಲಿ ಯಾರು ಯಾರು ಸೇರಿದ್ದಾರೆ ಎಂಬ ಲೆಕ್ಕ ಇನ್ನೂ ನಡೆದೇ ಇದೆ.

ನೀವು ಈ ಮೂರು ತಾಲ್ಲೂಕಿನವರಾದರೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಳೆಯ ಪುಸ್ತಕಗಳ ನಡುವೆ ಸಹಕಾರ ಸಾರಿಗೆಯ ಟಿಕೆಟ್ಟೋ ಅಕ್ಕನ ಕಾಲೇಜು ದಿನಗಳ ಪಾಸೋ ಸಿಕ್ಕರೆ ಎಸೆಯಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ದರ, ಯಾವ ವರ್ಷ ಎಂದು ಅದರ ಹಿಂಬದಿಯಲ್ಲಿ ಬರೆದಿಡಿ. ಆ ಬಸ್ಸು ಎಷ್ಟು ಹೊತ್ತಿಗೆ ಬರುತ್ತಿತ್ತೆಂದು ಅಜ್ಜಿಯನ್ನು ಕೇಳಿ. ನಿಮಿಷದ ಸಮೇತ ಹೇಳುತ್ತಾರೆ.