ಏಪ್ರಿಲ್ ತಿಂಗಳ ತೀರ್ಪು

ಏಪ್ರಿಲ್ ಬಂತೆಂದರೆ ಮೈಸೂರಿನ ಅಶೋಕಪುರಂಗೆ ಎರಡು ಬಣ್ಣ. ಅಂಬೇಡ್ಕರ್ ಜಯಂತಿಗೆಂದು ಬೀದಿಬೀದಿಗೂ ಕಟ್ಟುವ ನೀಲಿ ಬಾವುಟಗಳದ್ದು ಒಂದು. ಕ್ರಿಕೆಟ್ ಹುಚ್ಚಿನ ಹುಡುಗರು ತೊಟ್ಟು ತಿರುಗುವ ಕೆಂಪು ಅಂಗಿಗಳದ್ದು ಇನ್ನೊಂದು. ಹಬ್ಬದ ಸಿದ್ಧತೆಯ ನಡುವೆಯೇ ಟೀ ಅಂಗಡಿಯ ಮುಂದೆ ವಾದ ಶುರುವಾಗುತ್ತದೆ. ‘ಮುಗೀತು ಬಿಡಣ್ಣ, ಈ ಸಲಾನೂ ಅಷ್ಟೇ’ ಎಂದು ಒಬ್ಬ ಹೇಳಿದರೆ, ‘ಇನ್ನೂ ಮೂರು ಮ್ಯಾಚ್ ಆಗಿಲ್ಲ, ಆಗ್ಲೇ ತಿಥಿ ಮಾಡ್ತೀಯಲ್ಲೋ’ ಎಂದು ಹಿರಿಯರೊಬ್ಬರು ಗದರುತ್ತಾರೆ. ಅಂಕಪಟ್ಟಿ, ರನ್ ಸರಾಸರಿ, ಯಾರನ್ನು ಕೂರಿಸಬೇಕು, ಯಾರನ್ನು ಆಡಿಸಬೇಕು ಎಂಬ ಲೆಕ್ಕ ಲೋಟ ಖಾಲಿಯಾದರೂ ಮುಗಿಯುವುದಿಲ್ಲ.

ಈ ಮಾತುಕತೆ ನಾಡಿನ ಯಾವ ಊರಿನಲ್ಲಾದರೂ ಕೇಳಿಬರುವಂಥದ್ದೇ. ಆದರೆ ಇದು ಅನಾದಿಯಿಂದ ಬಂದದ್ದೇನಲ್ಲ. ಪಂದ್ಯಾವಳಿಯ ಆರಂಭದಲ್ಲೇ ಕುಳಿತು ‘ನಮ್ಮ ತಂಡ’ದ ಭವಿಷ್ಯವನ್ನು ಅಳೆದು ತೂಗಬೇಕಾದರೆ ಎರಡು ಸಂಗತಿಗಳು ಬೇಕು. ಮೊದಲನೆಯದು, ತಂಡ ನಮ್ಮದು ಎನ್ನುವ ಹಕ್ಕು. ಎರಡನೆಯದು, ಸೋತ ಮೇಲೂ ಉಳಿಯುವ ಇನ್ನೊಂದು ಪಂದ್ಯ. ಈ ಎರಡೂ ಸಿಕ್ಕಿದ್ದು ಬಹಳ ತಡವಾಗಿ.

ಹಕ್ಕಿನ ಮಾತನ್ನು ಮೊದಲು ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಅತಿ ದೊಡ್ಡ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿದ್ದುದು ಮುಂಬೈಯಲ್ಲಿ. ಅಲ್ಲಿನ ತಂಡಗಳು ಊರಿನವಲ್ಲ, ಸಮುದಾಯದವು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು. 1912ರಿಂದ ಮುಸ್ಲಿಮರದೂ ಒಂದು ತಂಡ. ಹಿಂದೂ ತಂಡದ ಅತಿ ದೊಡ್ಡ ಬೌಲರ್ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ. ಚಮ್ಮಾರ ಕುಟುಂಬದ ಈ ಎಡಗೈ ಸ್ಪಿನ್ನರ್ 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡದ ಪರವಾಗಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಅದೇ ಬಾಳೂ ಪುಣೆಯಲ್ಲಿ ಆಡುತ್ತಿದ್ದಾಗ ಅವರಿಗೆ ಚಹಾ ಕೊಡುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲೇ ಇಲ್ಲ. ಅವರ ತಮ್ಮ ವಿಠಲ್ ನಾಯಕರಾದದ್ದು 1923ರಲ್ಲಿ. ತಂಡವನ್ನು ಗೆಲ್ಲಿಸಿಕೊಟ್ಟವನಿಗೇ ತಂಡ ಪೂರ್ತಿಯಾಗಿ ತನ್ನದಾಗಿರಲಿಲ್ಲ ಎಂದಮೇಲೆ ಹೊರಗೆ ನಿಂತು ನೋಡುವವರ ಪಾಡು ಹೇಳಬೇಕಾಗಿಲ್ಲ. ಹಿಂದೆ ಆದಿಕರ್ನಾಟಕಪುರಂ ಎಂಬ ಹೆಸರಿದ್ದ ಅಶೋಕಪುರಂನಂಥ ದಲಿತ ಬಡಾವಣೆಗೆ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಂಬೇಡ್ಕರ್ ಅವರೂ ತಮ್ಮ ಯೌವನದಲ್ಲಿ ಬಾಳೂ ಅವರನ್ನು ಮೆಚ್ಚಿಕೊಂಡಿದ್ದವರು.

ಸಮುದಾಯದ ಬದಲು ಪ್ರಾಂತ್ಯದ ಹೆಸರಿನಲ್ಲಿ ತಂಡ ಕಟ್ಟುವ ಪದ್ಧತಿಗೆ ದೇಶಮಟ್ಟದಲ್ಲಿ ರೂಪ ಬಂದದ್ದು 1934ರಲ್ಲಿ, ರಣಜಿ ಟ್ರೋಫಿಯೊಂದಿಗೆ. ಅದಕ್ಕೆ ಒಂದು ವರ್ಷ ಮೊದಲು, 1933ರಲ್ಲಿ, ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿತ್ತು. ಊರು ಯಾರದ್ದೋ ತಂಡವೂ ಅವರದ್ದು ಎನ್ನುವ ದಾರಿ ತೆರೆಯಿತು. ಮೈದಾನದೊಳಕ್ಕೆ ಎಲ್ಲರಿಗೂ ಸಮನಾದ ದಾರಿ ಒಮ್ಮೆಲೇ ಸಿಕ್ಕಿತು ಎಂದಲ್ಲ. ಆದರೆ ‘ನಮ್ಮ ಮೈಸೂರು’ ಎನ್ನಲು ಯಾವ ಜಾತಿಯ ಚೀಟಿಯೂ ಬೇಕಿರಲಿಲ್ಲ.

ಇನ್ನು ಎರಡನೆಯ ಸಂಗತಿ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ನಡೆಯಿತು. ಆಡಿದ್ದು ಮದ್ರಾಸು ಮತ್ತು ಮೈಸೂರು. ಮೈಸೂರು ಮೊದಲ ಇನ್ನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59 ರನ್ನಿಗೆ ಕುಸಿಯಿತು. ಮದ್ರಾಸು ಒಂದೇ ಇನ್ನಿಂಗ್ಸ್‌ನಲ್ಲಿ ಹೊಡೆದದ್ದು 130. ಎಲ್ಲವೂ ಒಂದೇ ದಿನದಲ್ಲಿ ಮುಗಿದುಹೋಯಿತು. ಸೋತವರು ಮನೆಗೆ ಎಂಬ ನಾಕೌಟ್ ನಿಯಮವಿದ್ದುದರಿಂದ ಆ ವರ್ಷದ ಮೈಸೂರಿನ ಕ್ರಿಕೆಟ್ ಋತು ಹುಟ್ಟಿದ್ದೂ ಸತ್ತದ್ದೂ ಅದೇ ಭಾನುವಾರ. ಆರಂಭದ ಸೋಲನ್ನು ಕುರಿತು ವಾದಿಸಲು ಆರಂಭ ಎನ್ನುವುದೇ ಇರಲಿಲ್ಲ.

ಮುಂದಿನ ಎರಡು ದಶಕ ಇದೇ ಕ್ರಮ. 1941-42ರಲ್ಲಿ ಮೈಸೂರು ತಂಡ ಮೊದಲ ಬಾರಿಗೆ ಫೈನಲ್ ತಲುಪಿ ಬಾಂಬೆ ಎದುರು ಇನ್ನಿಂಗ್ಸ್ ಸೋಲು ಕಂಡಿತು. 1957-58ರಲ್ಲಿ ನಿಯಮ ಬದಲಾಯಿತು. ಒಂದೊಂದು ವಲಯದ ತಂಡಗಳು ಪರಸ್ಪರ ಆಡಿ ಅಂಕ ಗಳಿಸುವ ಲೀಗ್ ಪದ್ಧತಿ ಬಂತು. ಒಂದು ಪಂದ್ಯ ಸೋತರೂ ಮುಂದಿನದರಲ್ಲಿ ಸರಿಮಾಡಿಕೊಳ್ಳಬಹುದು. ಅಭಿಮಾನಿಯ ಕೈಗೆ ಮೊದಲ ಬಾರಿಗೆ ಕಾಗದ, ಪೆನ್ಸಿಲ್ ಬಂದದ್ದು ಆಗಲೇ ಎನ್ನಬಹುದು.

ಆ ಕಾಲದ ಒಬ್ಬ ಆಟಗಾರನಿಗೆ ಅಶೋಕಪುರಂನ ನೆರೆಹೊರೆಯ ಪರಿಚಯವಿತ್ತು. ಆಫ್‌ಸ್ಪಿನ್ನರ್ ಎರಾಪಳ್ಳಿ ಪ್ರಸನ್ನ 1962ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಕ್ರಿಕೆಟ್ಟನ್ನು ಬದಿಗಿಟ್ಟು ಎಂಜಿನಿಯರಿಂಗ್ ಓದಿ ಮುಗಿಸಿದರು. ಅವರು ಓದಿದ ಎನ್‌ಐಇ ಕಾಲೇಜು ಇರುವುದು ಬಡಾವಣೆಗೆ ಹತ್ತಿರದ ಮಾನಂದವಾಡಿ ರಸ್ತೆಯಲ್ಲಿ. 1974ರ ಮಾರ್ಚ್‌ನಲ್ಲಿ, ಆಗಷ್ಟೇ ಕರ್ನಾಟಕವೆಂಬ ಹೆಸರು ಪಡೆದಿದ್ದ ತಂಡದ ನಾಯಕರಾಗಿ, ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮಣಿಸಿದವರು ಅವರೇ. ಫೈನಲ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಎತ್ತಿತು. 1934ರ ಆ ಒಂದೇ ದಿನದ ಸೋಲಿನಿಂದ ಇಲ್ಲಿಗೆ ಬರಲು ಸುಮಾರು 40 ವರ್ಷ ಹಿಡಿದಿತ್ತು.

ಲೀಗ್ ಎಂಬ ಈ ಏರ್ಪಾಡು ಕ್ರಿಕೆಟ್ಟಿನ ಸ್ವಂತದ್ದಲ್ಲ. ಅಮೆರಿಕದ ಬೇಸ್‌ಬಾಲ್ ಕ್ಲಬ್ಬುಗಳು 1876ರಲ್ಲಿ ನ್ಯಾಷನಲ್ ಲೀಗ್ ಕಟ್ಟಿಕೊಂಡವು. ಅದಕ್ಕೂ ಮೊದಲು ದೂರದ ಊರಿನ ಪಂದ್ಯ ನಷ್ಟದ್ದು ಎನಿಸಿದರೆ ಕ್ಲಬ್ಬುಗಳು ಹೋಗದೆಯೇ ಇದ್ದುಬಿಡುತ್ತಿದ್ದವು. ಲೀಗ್ ಬಂದಮೇಲೆ ವೇಳಾಪಟ್ಟಿ ಕಟ್ಟುನಿಟ್ಟಾಯಿತು. 1888ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬುಗಳೂ ಅದೇ ದಾರಿ ಹಿಡಿದವು. ನಾಕೌಟ್ ಕಪ್ ಒಂದನ್ನೇ ನಂಬಿದರೆ ಬೇಗ ಸೋತ ಕ್ಲಬ್ಬಿಗೆ ಉಳಿದ ವರ್ಷ ಗೇಟಿನ ಹಣವಿಲ್ಲ. ಸಂಬಳ ಕೊಡಬೇಕಾದ ಆಟಗಾರರು ಮಾತ್ರ ಇದ್ದೇ ಇರುತ್ತಾರೆ. ಹೀಗೆ ಕ್ಲಬ್ಬುಗಳ ಹೊಟ್ಟೆಪಾಡಿಗಾಗಿ ಹುಟ್ಟಿದ ಪದ್ಧತಿ ಅಭಿಮಾನಿಗೆ ತಿಂಗಳುಗಟ್ಟಲೆ ಉಳಿಯುವ ಆಸೆಯನ್ನು ಕೊಟ್ಟಿತು. ಈಗ ಒಂದೊಂದು ಬೇಸ್‌ಬಾಲ್ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಅಲ್ಲಿಯೂ ಏಪ್ರಿಲ್ ತಿಂಗಳೆಂದರೆ ವಾದದ ತಿಂಗಳು. ‘ಇನ್ನೂ ಬೇಗ’ ಎಂದು ಸಮಾಧಾನ ಹೇಳುವವರು 1914ರ ಬಾಸ್ಟನ್ ಬ್ರೇವ್ಸ್ ತಂಡವನ್ನು ನೆನೆಯುತ್ತಾರೆ. ಆ ವರ್ಷ ಜುಲೈ 4ರಂದು ಪಟ್ಟಿಯ ತಳದಲ್ಲಿದ್ದ ತಂಡ ಕೊನೆಗೆ ವಿಶ್ವ ಸರಣಿಯನ್ನೇ ಗೆದ್ದಿತು.

2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಬಂದಾಗ ಕನ್ನಡಿಗರಿಗೂ ಏಪ್ರಿಲ್ ತಿಂಗಳೇ ಕ್ರಿಕೆಟ್ ಋತುವಿನ ಯುಗಾದಿಯಾಯಿತು. ಆ ಲೀಗಿನ ಮೊದಲ ಪಂದ್ಯವನ್ನು ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿದ್ದು ಬೆಂಗಳೂರಿನ ರಾಯಲ್ ಚಾಲೆಂಜರ್ಸ್. ಕೋಲ್ಕತ್ತದ ಬ್ರೆಂಡನ್ ಮೆಕ್ಕಲಮ್ ಒಬ್ಬರೇ ಔಟಾಗದೆ 158 ಹೊಡೆದರು. ಬೆಂಗಳೂರು 82ಕ್ಕೆ ಆಲೌಟಾಗಿ 140 ರನ್ನಿನಿಂದ ಸೋತಿತು. ಮೈಸೂರಿನ 48 ಮತ್ತು 59ರ ನೆನಪು ತರುವಂಥ ಆರಂಭ. ವ್ಯತ್ಯಾಸವೆಂದರೆ ಈ ಬಾರಿ ಇನ್ನೂ 13 ಪಂದ್ಯಗಳಿದ್ದವು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಗೆ ಜಾಗ ಸಿಕ್ಕಿದ್ದು ಆ 13ರಲ್ಲಿ.

ಏಪ್ರಿಲ್ ತಿಂಗಳಲ್ಲಿ ಕೊಟ್ಟ ತೀರ್ಪುಗಳ ಗತಿಯೇನಾಯಿತು ಎಂಬುದನ್ನು ದಾಖಲೆಯಲ್ಲಿ ನೋಡಬಹುದು. 2009ರಲ್ಲಿ ತಂಡ ಮೊದಲ ಪಂದ್ಯ ಗೆದ್ದು ಮುಂದಿನ ನಾಲ್ಕನ್ನು ಸತತವಾಗಿ ಸೋತಿತು. ಕೆವಿನ್ ಪೀಟರ್ಸನ್ ಅವರಿಂದ ನಾಯಕತ್ವ ಅನಿಲ್ ಕುಂಬ್ಳೆಯವರಿಗೆ ಬಂತು, ತಂಡ ಫೈನಲ್ ತಲುಪಿತು. 2011ರಲ್ಲಿ ಮೊದಲ ನಾಲ್ಕರಲ್ಲಿ ಮೂರು ಸೋಲು. ಗಾಯಗೊಂಡವರ ಬದಲಿಗೆ ಬಂದ ಕ್ರಿಸ್ ಗೇಲ್ ಮೊದಲ ಪಂದ್ಯದಲ್ಲೇ ಶತಕ ಹೊಡೆದರು. ಸತತ ಏಳು ಗೆಲುವು ಬಂದು ಮತ್ತೆ ಫೈನಲ್. 2016ರಲ್ಲಿ ಮೊದಲ ಏಳರಲ್ಲಿ ಐದು ಸೋಲು, ಮುಂದಿನ ಏಳರಲ್ಲಿ ಆರು ಗೆಲುವು, ವಿರಾಟ್ ಕೊಹ್ಲಿಯವರ 973 ರನ್, ಮೂರನೆಯ ಫೈನಲ್. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತ ತಂಡ ಉಳಿದ ಆರನ್ನೂ ಗೆದ್ದು ರನ್ ಸರಾಸರಿಯ ಬಲದಿಂದ ಕೊನೆಯ ನಾಲ್ಕರಲ್ಲಿ ಸೇರಿತು.

ಹಾಗೆಂದು ಕೆಟ್ಟ ಆರಂಭವೇ ಶುಭಶಕುನ ಎಂದು ನಂಬಿದರೂ ಮೋಸವೇ. 2019ರಲ್ಲಿ ಮೊದಲ ಆರೂ ಪಂದ್ಯ ಸೋತ ತಂಡ ಪಟ್ಟಿಯ ತಳದಲ್ಲೇ ಉಳಿಯಿತು. 2013ರ ಕಥೆ ಇದಕ್ಕೆ ತಿರುವುಮುರುವು. ಏಪ್ರಿಲ್ 23ರಂದು ಗೇಲ್ 175 ರನ್ ಹೊಡೆದ ದಿನ ಎಂಟು ಪಂದ್ಯಗಳಲ್ಲಿ ಆರು ಗೆಲುವಿತ್ತು. ಊರೆಲ್ಲ ಕಪ್ಪನ್ನು ಮನೆಗೆ ತಂದಾಗಿತ್ತು. ಕೊನೆಗೆ ಸಿಕ್ಕಿದ್ದು ಐದನೆಯ ಸ್ಥಾನ.

ಇದಕ್ಕೆ ಕಾರಣ ಯಾರ ಜಾತಕದಲ್ಲೂ ಇಲ್ಲ, ಸಾಮಾನ್ಯ ಗಣಿತದಲ್ಲಿದೆ. ಎದುರಾಳಿಗಳಿಗೆ ಸರಿಸಮನಾದ ಒಂದು ತಂಡವಿದೆ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ ಎಂದುಕೊಳ್ಳೋಣ. ಏಳು ಪಂದ್ಯಗಳಲ್ಲಿ ಗೆಲುವು, ಸೋಲು 128 ರೀತಿಗಳಲ್ಲಿ ಬರಬಹುದು. ಅವುಗಳಲ್ಲಿ 29 ರೀತಿಗಳಲ್ಲಿ ತಂಡಕ್ಕೆ ಸಿಗುವುದು ಎರಡು ಅಥವಾ ಅದಕ್ಕಿಂತ ಕಡಿಮೆ ಗೆಲುವು. ಅಂದರೆ ಏನೂ ಕೆಟ್ಟಿಲ್ಲದ ತಂಡವೂ ಹೆಚ್ಚು ಕಡಿಮೆ ನಾಲ್ಕೈದು ವರ್ಷಕ್ಕೊಮ್ಮೆ ಇಂಥ ಆರಂಭ ಕಾಣುತ್ತದೆ. ಅದರ ಹಿಂದೆ ನಾಯಕನ ತಪ್ಪು, ಮಾಲೀಕನ ಜಿಪುಣತನ, ಪಿಚ್ಚಿನ ಸಂಚು ಹುಡುಕುವುದು ಮನುಷ್ಯ ಸ್ವಭಾವ. 162 ಪಂದ್ಯ ಆಡುವ ಬೇಸ್‌ಬಾಲ್ ತಂಡದ ಅದೃಷ್ಟ, ದುರದೃಷ್ಟಗಳು ವರ್ಷದ ಕೊನೆಗೆ ಬಹುಮಟ್ಟಿಗೆ ಸರಿದೂಗುತ್ತವೆ. 14 ಪಂದ್ಯಗಳ ಲೀಗಿನಲ್ಲಿ ಅಷ್ಟು ಸಮಯವಿಲ್ಲ.

2025ರ ಏಪ್ರಿಲ್‌ನಲ್ಲಿ ವಾದದ ವಸ್ತು ಬೇರೆಯಾಗಿತ್ತು. ತಂಡ ಹೊರಗಿನ ಊರುಗಳಲ್ಲಿ ಗೆಲ್ಲುತ್ತಿತ್ತು. ಚೆನ್ನೈನಲ್ಲಂತೂ 2008ರ ನಂತರ ಮೊದಲ ಬಾರಿಗೆ ಗೆದ್ದಿತ್ತು. ತವರಿನಲ್ಲಿ ಮಾತ್ರ ಮೊದಲ ಮೂರು ಪಂದ್ಯಗಳನ್ನೂ ಸೋತಿತ್ತು. ಮನೆಯಲ್ಲಿ ಸೋಲುವವರು ಕಪ್ ಗೆಲ್ಲುತ್ತಾರೆಯೇ ಎಂಬ ಪ್ರಶ್ನೆಗೆ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಉತ್ತರ ಸಿಕ್ಕಿತು. ಹದಿನೆಂಟನೆಯ ಪ್ರಯತ್ನದಲ್ಲಿ, ಪಂಜಾಬ್ ಎದುರು 6 ರನ್ನಿನಿಂದ ಪುರುಷರ ತಂಡ ಮೊದಲ ಕಪ್ ಗೆದ್ದಿತು. ಮಹಿಳೆಯರ ತಂಡ ಅದಕ್ಕೂ ಮೊದಲೇ, 2024ರ ಮಾರ್ಚ್‌ನಲ್ಲಿ, ತನ್ನ ಎರಡನೆಯ ಪ್ರಯತ್ನದಲ್ಲೇ ಕಪ್ ತಂದಿತ್ತು.

ಆ 6 ರನ್ನಿಗೆ ಹಳೆಯ ಲೆಕ್ಕವೊಂದಿದೆ. 2009ರ ಫೈನಲ್ ಕೈತಪ್ಪಿದ್ದು 6 ರನ್ನಿನಿಂದ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲೇ ನಡೆದ ರಣಜಿ ಫೈನಲ್‌ನಲ್ಲಿ 338 ರನ್ನುಗಳ ಗುರಿ ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆಯವರ 144 ರನ್ನುಗಳ ಹೊರತಾಗಿಯೂ, ಮುಂಬೈಗೆ ಸೋತದ್ದು ಅದೇ 6 ರನ್ನಿನಿಂದ. ಅದನ್ನು ಕಣ್ಣಾರೆ ಕಂಡ ಮೈಸೂರಿನವರಿಗೆ ಅಹಮದಾಬಾದಿನ 6 ರನ್ ಬಾಕಿ ಚುಕ್ತಾ ಆದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಮರುದಿನವೇ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಅಭಿಮಾನಿಗಳು ಸತ್ತರು. ತಂಡ ನಮ್ಮದು ಎಂದು ನಂಬಿ, ಅದರ ಸಂತೋಷದಲ್ಲಿ ಪಾಲು ಕೇಳಲು ಬಂದವರು ಅವರು. ಬಾಳೂವಿನ ಕಾಲದಲ್ಲಿ ಪೆವಿಲಿಯನ್ನಿನ ಹೊರಗೆ ನಿಲ್ಲಿಸಿದ್ದು ಜಾತಿ. ಈ ಹೊತ್ತಿನಲ್ಲಿ ಗೇಟಿನ ಹೊರಗೆ ನಿಂತವರಿಗೆ ಆ ತಡೆ ಇರಲಿಲ್ಲ. ಆದರೆ ಅಷ್ಟೊಂದು ಜನ ಬರುತ್ತಾರೆ, ಅವರನ್ನು ಸುರಕ್ಷಿತವಾಗಿ ಬರಮಾಡಿಕೊಳ್ಳಬೇಕು ಎನ್ನುವ ಲೆಕ್ಕ ತಪ್ಪಿತ್ತು. ಅಭಿಮಾನಿಯ ಹಕ್ಕನ್ನು ಘೋಷಣೆಯಲ್ಲಿ ಒಪ್ಪಿಕೊಳ್ಳುವುದು ಸುಲಭ, ಗೇಟಿನಲ್ಲಿ ಒಪ್ಪಿಕೊಳ್ಳುವುದೇ ಕಷ್ಟ.

ಏಪ್ರಿಲ್ ತಿಂಗಳ ತೀರ್ಪುಗಳು ಬಹುತೇಕ ಸುಳ್ಳಾಗುತ್ತವೆ ಎಂದು ತಿಳಿದೂ ವಾದ ನಡೆಯುತ್ತಲೇ ಇರುವುದು ಏಕೆ ಎಂದರೆ, ಅದು ಭವಿಷ್ಯ ಹೇಳುವ ಕೆಲಸವೇ ಅಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ‘ನಮ್ಮ ತಂಡ’ ಎನ್ನುವುದು, ಸೋತರೆ ಬಯ್ಯುವುದು, ಬಯ್ದ ಮೇಲೂ ಮುಂದಿನ ಪಂದ್ಯಕ್ಕೆ ಕಾಯುವುದು, ಇದಿಷ್ಟೂ ಒಂದು ಹಕ್ಕು ಚಲಾವಣೆ. ಟೀ ಅಂಗಡಿಯ ಬೆಂಚಿನ ಮೇಲೆ ಎಲ್ಲರಿಗೂ ಒಂದೇ ಬಗೆಯ ಲೋಟ ಬರುವ ಕಾಲದಲ್ಲಿ, ಆ ಹಿರಿಯರು ‘ಇನ್ನೂ ಮೂರು ಮ್ಯಾಚ್ ಆಗಿಲ್ಲ’ ಎಂದು ಗದರುವುದರಲ್ಲಿ ಆ ಹಕ್ಕೂ ಇದೆ, ಸರಿಯಾದ ಗಣಿತವೂ ಇದೆ.